ಅರ್ಧ ಏರಿಸಿದ್ದಕ್ಕೂ ಬಾಡಿಗೆ

ಅಮೆಜಾನ್ ಎಸ್3ಗೆ ಒಂದೇ ರಿಕ್ವೆಸ್ಟಿನಲ್ಲಿ 5 ಜಿಬಿಗಿಂತ ದೊಡ್ಡ ಫೈಲ್ ಏರಿಸಕ್ಕಾಗಲ್ಲ. ತುಂಡು ಮಾಡಿ ಮಲ್ಟಿಪಾರ್ಟ್‌ನಲ್ಲಿ ಕಳಿಸಬೇಕು. 10,000 ತುಂಡಿನವರೆಗೂ ನಡೆಯುತ್ತೆ. ಇದೆಲ್ಲ ನಮ್ಮವರಿಗೆ ಬಾಯಿಪಾಠ. ನನ್ನ ತಕರಾರು ಅರ್ಧಕ್ಕೆ ನಿಂತ ಅಪ್‌ಲೋಡ್‌ಗಳ ಬಗ್ಗೆ.

ಮಧ್ಯದಲ್ಲಿ ವೈಫೈ ಹೋಯ್ತು, ಪ್ರೋಗ್ರಾಂ ಸತ್ತಿತು ಅಂತಿಟ್ಟುಕೊಳ್ಳಿ. ಆಗಲೇ ಏರಿದ ತುಂಡುಗಳು ಅಲ್ಲೇ ಇರುತ್ತವೆ. ಬಕೆಟ್ ತೆರೆದು ನೋಡಿದರೆ ಫೈಲೇ ಕಾಣಲ್ಲ, ಬಿಲ್ಲಿನಲ್ಲಿ ಮಾತ್ರ ಸೇರಿಕೊಂಡಿರುತ್ತೆ. ಕಂಪ್ಲೀಟ್ ಅಂತಲೋ ಅಬಾರ್ಟ್ ಅಂತಲೋ ಹೇಳೋವರೆಗೂ ಬಾಡಿಗೆ ಓಡ್ತಾನೇ ಇರುತ್ತೆ.

‘ಡಾಕ್ಯುಮೆಂಟೇಶನ್‌ನಲ್ಲಿ ಬರೆದಿದೆಯಲ್ಲ ಗುರು’ ಅಂತಾರೆ. ಬರೆದಿದೆ, ಒಪ್ಪಿದೆ. ಇಷ್ಟು ದಿನವಾದ ಅರೆಬರೆ ಅಪ್‌ಲೋಡ್ ಅಳಿಸು ಅಂತ ಲೈಫ್‌ಸೈಕಲ್ ರೂಲ್ ಹಾಕೋದು ಎರಡು ನಿಮಿಷದ ಕೆಲಸ. ಅಷ್ಟು ಸುಲಭವಾದ್ದನ್ನ ಹೊಸ ಬಕೆಟ್‌ಗೆ ಮೊದಲೇ ಹಾಕಿ ಕೊಡಬಾರದಾ? ಗೊತ್ತಿಲ್ಲದವನೇ ದುಡ್ಡು ತೆರೋ ಡೀಫಾಲ್ಟ್ ಇದು.

ನಾವೇನು ಸಾಚಾ ಅಲ್ಲ ಬಿಡಿ. ಕೋಡ್ ರಿವ್ಯೂನಲ್ಲಿ ಎಷ್ಟು ಥ್ರೆಡ್ಡು, ಎಷ್ಟು ಸ್ಪೀಡು ಅಂತ ಕೇಳ್ತೀವಿ. ಅರ್ಧಕ್ಕೆ ನಿಂತರೆ ಏನ್ಮಾಡ್ತೀಯ ಅಂತ ಕೇಳಲ್ಲ. ಕೇಳಿದರೂ ‘ಟ್ರೈ-ಕ್ಯಾಚ್ ಹಾಕಿದೀನಿ’ ಅನ್ನೋ ಉತ್ತರ. ಪ್ರೋಸೆಸ್ಸೇ ಸತ್ತ ಮೇಲೆ ಕ್ಯಾಚ್ ಹಿಡಿಯೋರು ಯಾರಪ್ಪ? ಆ ರೂಲ್ ಇಲ್ಲದ ಬಕೆಟ್‌ಗೆ ಫೈಲ್ ಏರಿಸೋ ಕೋಡಿಗೆ ನಾನಂತೂ ಈಗ ಅಪ್ರೂವಲ್ ಕೊಡಲ್ಲ. ಟೀಮಿನವರು ಬೈಕೊಳ್ತಾರೆ, ಬೈಕೊಳ್ಳಲಿ.