ಆರ್ಕಿಮಿಡೀಸನ ಊರಿನಲ್ಲಿ ಬಾಡಿಗೆ ಸೈಕಲ್ಲು

ಬಾಡಿಗೆ ಸೈಕಲ್ ಅಂಗಡಿ ಎಂದರೆ ನನ್ನ ವಯಸ್ಸಿನವರಿಗೆ ನೆನಪಾಗುವುದು ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಬರೆದ ನಂಬರು, ಎಣ್ಣೆಯ ಬೆರಳಚ್ಚು ಮೂಡಿದ ನೋಟ್‌ಬುಕ್ಕು ಮತ್ತು 'ಯಾರ ಮನೆಯವಳು ನೀನು?' ಎಂಬ ಪ್ರಶ್ನೆ. ಅಪ್ಪನ ಹೆಸರು ಹೇಳಿದರೆ ಸಾಕಿತ್ತು, ಅದೇ ಜಾಮೀನು. ಇಟಲಿಯ ಸಿಸಿಲಿ ದ್ವೀಪದಲ್ಲಿರುವ ಸಿರಾಕೂಸಾ ಪಟ್ಟಣದ ಅಂಗಡಿಯಾತ ಅಪ್ಪನ ಹೆಸರು ಕೇಳಲಿಲ್ಲ, ಪಾಸ್‌ಪೋರ್ಟು ಕೇಳಿದ. ನಾನು ಚೀಲಕ್ಕೆ ಕೈ ಹಾಕುವಷ್ಟರಲ್ಲಿ ಮಗಳು ತಡೆದಳು. 'ಅಮ್ಮ, ಜೆರಾಕ್ಸ್ ಕೊಡು. ಪಾಸ್‌ಪೋರ್ಟನ್ನು ಯಾರ ಹತ್ತಿರವೂ ಬಿಟ್ಟು ಹೋಗಬಾರದು' ಎಂದಳು. ಆಮೇಲೆ ಎರಡೂ ಸೈಕಲ್ಲುಗಳ ಸುತ್ತ ಬಂದು ಗೀರು, ತಗ್ಗುಗಳ ಫೋಟೊ ತೆಗೆದುಕೊಂಡಳು; ಬ್ರೇಕು ಹಿಡಿದು ನೋಡಿದಳು; ಬೆಲ್ಲು ಬಾರಿಸಿದಳು. ಫೋಟೊ ಯಾಕೆಂದು ನನಗೆ ತಿಳಿದದ್ದು ಎರಡು ದಿನ ಕಳೆದು, ಹಳೆಯ ಗೀರೊಂದಕ್ಕೆ ಆತ ಹತ್ತು ಯೂರೋ ಕೇಳಿದಾಗ. ಫೋಟೊ ತೋರಿಸಿದ ಮೇಲೆ ನಕ್ಕು ಸುಮ್ಮನಾದ. ಹೊರದೇಶಕ್ಕೆ ಓದಲು ಹೋಗುವ ಮಕ್ಕಳು ಇದೊಂದನ್ನು ನೆನಪಿಟ್ಟುಕೊಂಡರೆ ಒಳ್ಳೆಯದು.

ಮಗಳು ಕತಾನಿಯಾದಲ್ಲಿ ಓದುತ್ತಿದ್ದಾಳೆ. ಅಲ್ಲಿಂದ ಸಿರಾಕೂಸಾಕ್ಕೆ ರೈಲಿನಲ್ಲಿ ಸುಮಾರು ಒಂದೂಕಾಲು ಗಂಟೆ. ಅವಳನ್ನು ನೋಡಲು ಹೋದವಳು ನಾನೇ ಹಟ ಹಿಡಿದು ಈ ಊರಿಗೆ ಹೊರಡಿಸಿದ್ದೆ. ಹೈಸ್ಕೂಲಿನಲ್ಲಿ 26 ವರ್ಷದಿಂದ ಗಣಿತ, ವಿಜ್ಞಾನ ಹೇಳಿಕೊಡುತ್ತಿದ್ದೇನೆ. ಪ್ರತಿ ವರ್ಷ ಬಚ್ಚಲ ತೊಟ್ಟಿಯಿಂದ ಎದ್ದು ಓಡುವ ಆರ್ಕಿಮಿಡೀಸನ ಚಿತ್ರ ಬೋರ್ಡಿನ ಮೇಲೆ ಬರೆದು ಮಕ್ಕಳನ್ನು ನಗಿಸುತ್ತೇನೆ. ಅವನು ಓಡಿದ ಬೀದಿಯಾದರೂ ನೋಡಬೇಡವೇ? 'ನೋಡೋಣ, ಆದರೆ ಸೈಕಲ್ಲಿನಲ್ಲಿ' ಎಂಬುದು ಮಗಳ ಷರತ್ತು.

ಷರತ್ತು ನನಗೆ ಕಷ್ಟದ್ದಾಗಿತ್ತು. ಎಸ್ಸೆಸ್ಸೆಲ್ಸಿ ಮುಗಿದ ಬೇಸಿಗೆಯಲ್ಲಿ ಅಪ್ಪ ನನ್ನ ಸೈಕಲ್ಲನ್ನು ಅಟ್ಟಕ್ಕೆ ಏರಿಸಿಟ್ಟರು. ಬೈದು ಮಾಡಿದ್ದಲ್ಲ. 'ಇನ್ನು ದೊಡ್ಡವಳಾದೆಯಲ್ಲ' ಎಂದರು, ಅಷ್ಟೇ. ಕಾಲೇಜಿಗೆ ನಾಲ್ಕು ಮೈಲಿ ನಡೆದೆ. 2006-07ರಲ್ಲಿ ನಮ್ಮ ಸರ್ಕಾರ ಎಂಟನೇ ತರಗತಿಯ ಹುಡುಗಿಯರಿಗೆ ಸೈಕಲ್ ಹಂಚಲು ತೊಡಗಿದಾಗ ಶಾಲೆಯ ಜಗಲಿಯಲ್ಲಿ ನಿಂತು ಹಾಜರಿ ಪುಸ್ತಕದಲ್ಲಿ ಸಹಿ ಹಾಕಿಸಿಕೊಂಡವಳು ನಾನೇ. ಒಂದನ್ನೂ ಹತ್ತಿ ನೋಡುವ ಧೈರ್ಯ ಮಾಡಲಿಲ್ಲ.

ಸೈಕಲ್ಲು ಕಲಿತವರಿಗೆ ಮರೆಯುವುದಿಲ್ಲ ಎನ್ನುತ್ತಾರೆ. ಮರೆಯುವುದಿಲ್ಲ ನಿಜ, ಆದರೆ ಮೊಣಕಾಲಿಗೆ ಅದು ಗೊತ್ತಿರುವುದಿಲ್ಲ. ಮೊದಲ ಹತ್ತು ನಿಮಿಷ ಸಮುದ್ರದಂಡೆಯ ಚೌಕದಲ್ಲಿ ಗೋಳಿಬಜೆಯಂತೆ ಉರುಳಾಡಿದೆ. ಹಿಂದಿನಿಂದ ಸೀಟು ಹಿಡಿದು ಓಡಿ ಬಂದವಳು ಮಗಳು. ಇದೇ ಸೀಟು ಹಿಡಿಯುವ ಕೆಲಸವನ್ನು ನಾನು ಅವಳಿಗೆ ಮಾಡಿಕೊಟ್ಟು ಹದಿನೈದು ವರ್ಷವಾಗಿತ್ತು. ಬಲಗಡೆ ಹೋಗಬೇಕು ಎಂಬುದು ಬೇರೆ ತಲೆಯಲ್ಲಿರಬೇಕು. ಇಟಲಿಯಲ್ಲಿ ವಾಹನಗಳು ನಮಗೆ ತಿರುಗುಮುರುಗು.

ಸಿರಾಕೂಸಾ ಎರಡು ತುಂಡಿನ ಊರು. ಒಂದು ತುಂಡು ನೆಲದ ಮೇಲೆ, ಇನ್ನೊಂದು ಒರ್ತೀಜಿಯಾ ಎಂಬ ಪುಟ್ಟ ದ್ವೀಪ. ದ್ವೀಪದ ಉದ್ದ ಹೆಚ್ಚು ಕಡಿಮೆ ಒಂದು ಕಿಲೋಮೀಟರು, ಅಗಲ ಅದರ ಅರ್ಧ. ನಡುವೆ ಸೇತುವೆಗಳಿವೆ, ಎಷ್ಟು ಗಿಡ್ಡವೆಂದರೆ ಸಮುದ್ರ ದಾಟಿದ್ದೇ ತಿಳಿಯುವುದಿಲ್ಲ. ಕ್ರಿ.ಪೂ. 734ರ ಸುಮಾರಿಗೆ ಗ್ರೀಸಿನ ಕೊರಿಂತ್‌ನಿಂದ ಬಂದವರು ಮೊದಲು ಬೀಡುಬಿಟ್ಟದ್ದು ಈ ದ್ವೀಪದಲ್ಲಿ. ಗ್ರೀಕ್ ಭಾಷೆಯಲ್ಲಿ ಲಾವಕ್ಕಿಗೆ ಇರುವ ಹೆಸರಿನಿಂದ ಒರ್ತೀಜಿಯಾ ಎಂಬ ಹೆಸರು ಬಂತು. ಸೈಕಲ್ಲಿನಲ್ಲಿ ಇದನ್ನು ಒಂದು ಸುತ್ತು ಹಾಕಲು ಅರ್ಧ ಗಂಟೆ ಸಾಕು. ನಮಗೆ ಇಡೀ ಬೆಳಿಗ್ಗೆ ಬೇಕಾಯಿತು. ಓಣಿಗಳಿಗೆ ಹಾಸಿದ ಕಲ್ಲು ಕಾಲು ಸವೆಸಿ ಸವೆಸಿ ಕನ್ನಡಿಯಾಗಿದೆ. ನೀರು ಬಿದ್ದರೆ ಚಕ್ರ ಜಾರುತ್ತದೆ. ಅಂಥ ಕಡೆ ಇಳಿದು ತಳ್ಳುವುದೇ ಜಾಣತನ. ತಳ್ಳುತ್ತ ಹೋಗುವವರಿಗೆ ಕಾಣುವುದೂ ಹೆಚ್ಚು.

ಕಂಡದ್ದರಲ್ಲಿ ನನ್ನನ್ನು ನಿಲ್ಲಿಸಿಬಿಟ್ಟದ್ದು ಅಲ್ಲಿನ ದೊಡ್ಡ ಚರ್ಚು. ಮುಂದಿನಿಂದ ನೋಡಿದರೆ ಎಲ್ಲ ಕಡೆಯಂಥ ಅಲಂಕಾರದ ಚರ್ಚು. 1693ರ ಭಾರೀ ಭೂಕಂಪದ ನಂತರ ಕಟ್ಟಿದ ಮುಖ. ಪಕ್ಕದ ಓಣಿಗೆ ಸೈಕಲ್ಲು ತಿರುಗಿಸಿದರೆ ಗೋಡೆಯೊಳಗಿಂದ ದಪ್ಪ ದಪ್ಪ ಕಂಬಗಳು ಅರ್ಧ ಹೊರಗೆ ಬಂದು ನಿಂತಿವೆ. ಅವು ಕ್ರಿ.ಪೂ. ಐದನೆಯ ಶತಮಾನದ ಅಥೀನಾ ದೇವಿಯ ಗುಡಿಯ ಕಂಬಗಳು. ಕ್ರೈಸ್ತರು ಗುಡಿಯನ್ನು ಕೆಡವಲಿಲ್ಲ. ಕಂಬಗಳ ನಡುವಿನ ಸಂದುಗಳನ್ನು ಗೋಡೆ ಕಟ್ಟಿ ಮುಚ್ಚಿ ಏಳನೆಯ ಶತಮಾನದಲ್ಲಿ ಚರ್ಚು ಮಾಡಿಕೊಂಡರು. 878ರಲ್ಲಿ ಊರು ಅರಬರ ಕೈಸೇರಿದ ಮೇಲೆ ಅದು ಮಸೀದಿಯಾಗಿತ್ತು ಎನ್ನುತ್ತಾರೆ. ಆಮೇಲೆ ನಾರ್ಮನ್ನರು ಬಂದರು, ಮತ್ತೆ ಚರ್ಚಾಯಿತು. ಎರಡೂವರೆ ಸಾವಿರ ವರ್ಷದಲ್ಲಿ ದೇವರ ಹೆಸರು ಬದಲಾಯಿತು, ಕಂಬ ಅದೇ. ಬಿಸಿಲಿಗೆ ಬೆಚ್ಚಗಾಗಿದ್ದ ಒಂದು ಕಂಬಕ್ಕೆ ಸೈಕಲ್ಲು ಒರಗಿಸಲು ಹೋದೆ. ಮಗಳು ಕಣ್ಣು ಬಿಟ್ಟಳು. ಸರಿ, ತೆಗೆದೆ.

ಇನ್ನೂ ಕೆಳಗೆ, ಕಡಲ ಗೋಡೆಗೆ ಅಂಟಿಕೊಂಡೇ ಅರೆತೂಸಾ ಎಂಬ ಸಿಹಿನೀರಿನ ಬುಗ್ಗೆಯಿದೆ. ಅದರ ನಡುವೆ ಪಪೈರಸ್ ಹುಲ್ಲು ಪೊದೆಯಾಗಿ ಬೆಳೆದಿದೆ. ಇಂಗ್ಲಿಷಿನ 'ಪೇಪರ್' ಎಂಬ ಮಾತು ಹುಟ್ಟಿದ್ದು ಈ ಹುಲ್ಲಿನಿಂದ. ಅದರಾಚೆ ದ್ವೀಪದ ಮೂತಿಯಲ್ಲಿ ಕೋಟೆ; ಅದನ್ನು ಹೊರಗಿನಿಂದ ನೋಡಿ ಹಿಂತಿರುಗಿದೆವು. ಹೊಟ್ಟೆ ಹಸಿದಿತ್ತು.

ಮಧ್ಯಾಹ್ನ ಸೇತುವೆ ದಾಟಿದೆವು. ಸೇತುವೆಯ ಮೇಲೆ 2016ರಲ್ಲಿ ನಿಲ್ಲಿಸಿದ ಆರ್ಕಿಮಿಡೀಸನ ಕಂಚಿನ ಪ್ರತಿಮೆಯಿದೆ. ನನಗೆ ಬೇಕಾದದ್ದು ಪ್ರತಿಮೆಯಲ್ಲ, ಸಮಾಧಿ. ಹೊಸ ಊರಿನ ರಸ್ತೆಗಳಲ್ಲಿ ಬಸ್ಸು, ಸ್ಕೂಟರುಗಳ ನಡುವೆ ಜೀವ ಕೈಯಲ್ಲಿ ಹಿಡಿದು ಅರ್ಧ ತುಳಿದು ಅರ್ಧ ನಡೆದು ಹೋದೆ. ಬೇಲಿಯ ಆಚೆ, ಬಂಡೆಯಲ್ಲಿ ಕೊರೆದ ಗುಹೆಯ ಬಾಗಿಲು, ಮೇಲೆ ತ್ರಿಕೋನದ ಹಣೆಪಟ್ಟಿ. 'ಆರ್ಕಿಮಿಡೀಸನ ಸಮಾಧಿ' ಎಂದೇ ಊರಲ್ಲಿ ಹೆಸರು. ಆದರೆ ಅದು ಅವನದಲ್ಲ. ಅವನು ಸತ್ತು ಎಷ್ಟೋ ಕಾಲದ ಮೇಲೆ ರೋಮನ್ನರು ಚಿತಾಭಸ್ಮದ ಗಡಿಗೆ ಇಡಲು ಕೊರೆಸಿಕೊಂಡ ಕೋಣೆ.

ನಿಜವಾದದ್ದರ ಕಥೆ ಇದಕ್ಕಿಂತ ಸ್ವಾರಸ್ಯದ್ದು. ಕ್ರಿ.ಪೂ. 212ರಲ್ಲಿ ರೋಮನ್ನರು ಊರು ಹಿಡಿದಾಗ ಸೈನಿಕನೊಬ್ಬ ಆರ್ಕಿಮಿಡೀಸನನ್ನು ಕೊಂದ. 137 ವರ್ಷದ ಮೇಲೆ, ಕ್ರಿ.ಪೂ. 75ರಲ್ಲಿ, ಸಿಸಿಲಿಗೆ ಅಧಿಕಾರಿಯಾಗಿ ಬಂದ ಸಿಸಿರೋ ಆ ಸಮಾಧಿ ಎಲ್ಲಿ ಎಂದು ಊರವರನ್ನು ಕೇಳಿದ. ಅಂಥದ್ದೇನೂ ಇಲ್ಲ ಎಂದರಂತೆ ಅವರು. ಸಿಸಿರೋಗೆ ಒಂದು ಗುರುತು ಗೊತ್ತಿತ್ತು. ಮುಳ್ಳುಪೊದೆಯ ಮೇಲೆ ತಲೆ ಎತ್ತಿದ್ದ ಒಂದು ಸಣ್ಣ ಕಂಬದಲ್ಲಿ ಆ ಗುರುತು ಕಂಡು, ಆಳುಗಳಿಂದ ಪೊದೆ ಕಡಿಸಿದ. ಒಂದು ಗೋಳ, ಒಂದು ಸಿಲಿಂಡರು. ಈಗ ಅದೂ ಕಳೆದುಹೋಗಿದೆ.

ಗೋಳ, ಸಿಲಿಂಡರು ಯಾಕೆ? ತೊಟ್ಟಿಯಿಂದ ಎದ್ದು ಓಡಿದ ಕಥೆ ಹೇಳಿದ್ದು ರೋಮಿನ ವಿಟ್ರೂವಿಯಸ್, ಅದೂ ಎರಡು ಶತಮಾನದ ನಂತರ. ಆರ್ಕಿಮಿಡೀಸನಿಗೆ ತನ್ನ ಕೆಲಸದಲ್ಲಿ ಹೆಮ್ಮೆಯಿದ್ದದ್ದು ಬೇರೆಯದರ ಮೇಲೆ. ಒಂದು ಗೋಳ ಸರಿಯಾಗಿ ಹಿಡಿಸುವ ಸಿಲಿಂಡರು ತೆಗೆದುಕೊಳ್ಳಿ. ಗೋಳದ ಘನಫಲ ಸಿಲಿಂಡರಿನ ಮೂರರಲ್ಲಿ ಎರಡು ಪಾಲು. ಮುಚ್ಚಳ, ತಳ ಸೇರಿಸಿದರೆ ಮೇಲ್ಮೈಯ ವಿಸ್ತೀರ್ಣವೂ ಮೂರರಲ್ಲಿ ಎರಡೇ ಪಾಲು! ಇದನ್ನೇ ತನ್ನ ಸಮಾಧಿಯ ಮೇಲೆ ಕೆತ್ತಿಸಿ ಎಂದು ಬಂಧುಮಿತ್ರರಿಗೆ ಹೇಳಿದ್ದನೆಂದು ಪ್ಲೂಟಾರ್ಕ್ ಬರೆಯುತ್ತಾನೆ. ಮನೆಯಲ್ಲಿ ಮಾಡಿ ನೋಡಿ. ಚೆಂಡಿನಷ್ಟೇ ಎತ್ತರ, ಚೆಂಡಿನಷ್ಟೇ ಅಗಲದ ಡಬ್ಬಿಗೆ ಕಂಠದವರೆಗೆ ನೀರು ತುಂಬಿ, ಚೆಂಡನ್ನು ತಳ ಮುಟ್ಟುವಂತೆ ಒತ್ತಿ, ತೆಗೆಯಿರಿ. ಡಬ್ಬಿಯಲ್ಲಿ ಉಳಿಯುವುದು ಮೂರರಲ್ಲಿ ಒಂದು ಪಾಲು ನೀರು. ಇಷ್ಟು ವರ್ಷ ನಾನು ಸೂತ್ರ ಮಾತ್ರ ಬರೆಸಿದೆ, ಡಬ್ಬಿ ತರಲಿಲ್ಲ ಎಂದು ಆ ಬೇಲಿಯ ಹತ್ತಿರ ನಿಂತಾಗ ನಾಚಿಕೆಯಾಯಿತು.

ಎರಡನೆಯ ದಿನ ಊರಿನ ಉತ್ತರಕ್ಕೆ ಹೋದೆವು. ಕಡಲಂಚಿನ ಹಳೆಯ ರೈಲು ದಾರಿಯ ಹಳಿ ಕಿತ್ತು ಸೈಕಲ್ಲಿನವರಿಗೂ ನಡೆಯುವವರಿಗೂ ಬಿಟ್ಟುಕೊಟ್ಟಿದ್ದಾರೆ. ಆರೇಳು ಕಿಲೋಮೀಟರು, ರೈಲಿನ ದಾರಿಯಾದ್ದರಿಂದ ಏರು ಇಳಿವಿಲ್ಲ; ನನ್ನಂಥವರಿಗೆ ಹೇಳಿ ಮಾಡಿಸಿದ್ದು. ಅಕ್ಟೋಬರಿನ ಬಿಸಿಲು ಹಿತವಾಗಿತ್ತು. ಆಗಸ್ಟಿನಲ್ಲಿ ಮಾತ್ರ ಈ ಸಾಹಸ ಬೇಡ. 2021ರ ಆಗಸ್ಟ್ 11ರಂದು ಸಿರಾಕೂಸಾದ ಬಳಿ 48.8 ಡಿಗ್ರಿ ಸೆಲ್ಸಿಯಸ್ ದಾಖಲಾಯಿತು. ಯುರೋಪಿನ ದಾಖಲೆಯೆಂದು ವಿಶ್ವ ಹವಾಮಾನ ಸಂಸ್ಥೆ ಅದನ್ನು ಒಪ್ಪಿದೆ.

ಆ ದಾರಿಗೆ ಹೋಗುವಾಗ ಕಪುಚಿನ್ ಸನ್ಯಾಸಿಗಳ ಹೆಸರಿನ ಕಲ್ಲುಗಣಿ ಸಿಗುತ್ತದೆ, ಪಾತಾಳದಂಥ ಹೊಂಡ. ಕ್ರಿ.ಪೂ. 413ರಲ್ಲಿ ಸಿರಾಕೂಸಾದ ಮೇಲೆ ದಂಡೆತ್ತಿ ಬಂದು ಸೋತ ಅಥೆನ್ಸಿನ ಸೈನ್ಯದ ಏಳು ಸಾವಿರ ಜನರನ್ನು ಕೂಡಿಹಾಕಿದ್ದು ಇಲ್ಲಿನ ಗಣಿಗಳಲ್ಲಿ. ತಲೆಗೆ ದಿನಕ್ಕೆ ಕಾಲು ಲೀಟರಿನಷ್ಟು ನೀರು, ಅರ್ಧ ಲೀಟರಿನಷ್ಟು ಧಾನ್ಯ, ಎಂಟು ತಿಂಗಳು. ಹೆಚ್ಚಿನವರು ಅಲ್ಲೇ ಸತ್ತರು. ಸಿಸಿಲಿಯವರಿಗೆ ಯೂರಿಪಿಡೀಸನ ನಾಟಕಗಳೆಂದರೆ ಹುಚ್ಚು ಪ್ರೀತಿ. ಅವನ ಪದ್ಯ ಬಾಯಲ್ಲಿ ಬರುತ್ತಿದ್ದ ಕೆಲವು ಸೆರೆಯಾಳುಗಳು ಹೇಳಿ ಬಿಡುಗಡೆ ಪಡೆದರಂತೆ. ಇದೂ ಪ್ಲೂಟಾರ್ಕನ ಮಾತು. ಕಂಠಪಾಠ ಯಾಕೆ ಎಂದು ಕೇಳುವವರಿಗೆ ನಾನು ಈಗ ಈ ಕಥೆ ಹೇಳುತ್ತೇನೆ. 'ನಂಗೆ ಬರೋದು ಬರೀ ಸಿನಿಮಾ ಹಾಡು, ನನ್ನ ಗತಿ?' ಎಂದಳು ಮಗಳು.

ಸೈಕಲ್ ದಾರಿಗೆ ರೊಸಾನಾ ಮಯೋರ್ಕಾ ಎಂಬ ಹೆಸರಿಟ್ಟಿದ್ದಾರೆ. ಈಕೆ ಈ ಊರಿನ ಹುಡುಗಿ. ಉಸಿರು ಬಿಗಿಹಿಡಿದು ಕಡಲಿನಾಳಕ್ಕೆ ಧುಮುಕುವುದರಲ್ಲಿ ವಿಶ್ವದಾಖಲೆ ಮಾಡಿದವಳು. ಅಪ್ಪ ಎಂಜೊ ಮಯೋರ್ಕಾ ಅದೇ ವಿದ್ಯೆಯ ದೊಡ್ಡ ಹೆಸರು, 1988ರಲ್ಲಿ 101 ಮೀಟರ್ ಆಳ ಮುಟ್ಟಿ ಬಂದವನು. ಇಬ್ಬರು ಹೆಣ್ಣುಮಕ್ಕಳೂ ಅವನ ಹಾದಿಯನ್ನೇ ಹಿಡಿದರು. ರೊಸಾನಾ 2005ರಲ್ಲಿ ತೀರಿಕೊಂಡಳು, ಕಡಲಲ್ಲಲ್ಲ, ಕ್ಯಾನ್ಸರಿನಿಂದ. ಅಪ್ಪ 2016ರವರೆಗೆ ಬದುಕಿದ್ದ. ಮಗಳು ನೀರಿನೊಳಗೆ ಮಾಯವಾಗಿ ಮತ್ತೆ ತಲೆ ಎತ್ತುವವರೆಗೆ ದೋಣಿಯಲ್ಲಿರುವ ಅಪ್ಪಂದಿರು ಏನು ಮಾಡುತ್ತಾರೆ? ಹಲಗೆಯ ಮುಂದೆ ನಿಂತು ನಾನು ಇದನ್ನೇ ಯೋಚಿಸುತ್ತಿರುವಾಗ ನನ್ನ ಮಗಳು ತಿರುವಿನಲ್ಲಿ ಕಣ್ಮರೆಯಾಗಿದ್ದಳು.

ಹಿಂದೆಯೇ ತುಳಿದೆ. ಬಲಕ್ಕೆ ಬಿಳಿ ಬಂಡೆ, ನೀಲಿ ಕಡಲು. ದೂರದಲ್ಲಿ ಪ್ರಿಯೋಲೊದ ಎಣ್ಣೆ ಕಾರ್ಖಾನೆಗಳ ಚಿಮಣಿ. ಯಾವ ಪೋಸ್ಟ್‌ಕಾರ್ಡಿನಲ್ಲೂ ಆ ಚಿಮಣಿ ಇರುವುದಿಲ್ಲ. ತಿರುವು ದಾಟಿದರೆ ಇನ್ನೊಂದು ತಿರುವು, ಅವಳಿಲ್ಲ. ಫೋನು ಚೀಲದಲ್ಲಿತ್ತು. ಅವಳು ಮನೆ ಬಿಟ್ಟಾಗಿನಿಂದ ದಿನಕ್ಕೆ ಮೂರು ಸಲ ಫೋನು ಮಾಡುವವಳು ನಾನು; ಬೆಳಿಗ್ಗೆ ಎದ್ದೆಯಾ, ಊಟ ಮಾಡಿದೆಯಾ, ರೂಮು ಸೇರಿದೆಯಾ. ಕೈ ಚೀಲಕ್ಕೆ ಹೋಯಿತು. ಅಟ್ಟದ ಮೇಲೆ ತಲೆಕೆಳಗಾಗಿ ಮಲಗಿದ್ದ ನನ್ನ ಸೈಕಲ್ಲು ಯಾಕೋ ನೆನಪಾಯಿತು. ಕೈ ವಾಪಸು ಹ್ಯಾಂಡಲಿಗೆ ಬಂತು.

ಆಗಲೇ ಚೈನು ಕಳಚಿಕೊಂಡಿತು. ಯಾರೂ ಇಲ್ಲ. ಇಳಿದು, ಹಿಂದಿನ ಚಕ್ರ ಎತ್ತಿ, ಚೈನಿನ ಕೆಳಭಾಗ ಹಲ್ಲಿಗೆ ಕೂರಿಸಿ, ಪೆಡಲು ನಿಧಾನ ತಿರುಗಿಸಿದೆ. ಕಟಕ್ ಎಂದು ಕೂತಿತು. ಮೂವತ್ತೈದು ವರ್ಷದ ಹಿಂದಿನ ಬೆರಳುಗಳಿಗೆ ಅದು ನೆನಪಿತ್ತು.

ಹಿಂದೆ ಟ್ಯೂನಾ ಮೀನಿನ ವ್ಯವಹಾರ ನಡೆಯುತ್ತಿದ್ದ ಹಳೆಯ ಕಟ್ಟಡ ಕೆಳಗೆ ಕಾಣುವಲ್ಲಿ ಮಗಳು ಕಲ್ಲಿನ ಮೇಲೆ ಕೂತು ಕಿತ್ತಳೆ ಸುಲಿಯುತ್ತಿದ್ದಳು. 'ಇಷ್ಟು ಹೊತ್ತು ಆಯ್ತು, ಒಂದು ಫೋನೂ ಇಲ್ಲ. ನಂಗೇ ಗಾಬರಿ ಆಯ್ತು' ಎಂದಳು.

'ಕೈಗೆಲ್ಲ ಗ್ರೀಸು' ಎಂದು ಎರಡೂ ಅಂಗೈ ತೋರಿಸಿದೆ.

ಅರ್ಧ ಕಿತ್ತಳೆ ಬಾಯಿಗೇ ಇಟ್ಟಳು. ಗಂಟೆ ನೋಡಿದರೆ ಒಂದೂಕಾಲು. ಒಂದಕ್ಕೇ ಸೈಕಲ್ ಅಂಗಡಿ ಮುಚ್ಚಿರುತ್ತದೆ. ಮಧ್ಯಾಹ್ನದ ನಿದ್ದೆ ಮುಗಿಸಿ ಬಾಗಿಲು ತೆರೆಯುವುದು ನಾಲ್ಕಕ್ಕೆ. ದಾರಿ ಇನ್ನೂ ಎರಡು ಕಿಲೋಮೀಟರು ಉಳಿದಿತ್ತು.