ಗಣಿ ಮುಚ್ಚಿದೆ, ಧೂಳಿನ ಲೆಕ್ಕ ಮುಚ್ಚಿಲ್ಲ

ಗಣಿ ನಿಂತು ಇಷ್ಟು ವರ್ಷವಾದ ಮೇಲೆ ಕೋಲಾರ ಜಿಲ್ಲೆಯಲ್ಲಿ ಧೂಳಿನ ಕಾಯಿಲೆಯ ಚರ್ಚೆ ಅನಗತ್ಯ, ಪ್ರಕರಣಗಳೇ ವರದಿಯಾಗುತ್ತಿಲ್ಲ ಎಂಬ ಅಭಿಪ್ರಾಯ ಪ್ರಕಟವಾಗಿದೆ. ಇದನ್ನು ಒಪ್ಪಲಾಗದು. ಹುಡುಕದೇ ಹೋದರೆ ಪ್ರಕರಣ ಸಿಗುವುದಾದರೂ ಹೇಗೆ?

ಸಿಲಿಕಾ ಧೂಳಿನಿಂದ ಬರುವ ಸಿಲಿಕೋಸಿಸ್ ಭಾರತದಲ್ಲಿ ಮೊದಲು ವರದಿಯಾದದ್ದೇ ಕೋಲಾರದ ಚಿನ್ನದ ಗಣಿಯಿಂದ, 1947ರಲ್ಲಿ. ತಪಾಸಣೆಗೊಳಗಾದ ಕಾರ್ಮಿಕರಲ್ಲಿ ನೂರಕ್ಕೆ ನಲವತ್ತಕ್ಕೂ ಹೆಚ್ಚು ಮಂದಿಗೆ ಕಾಯಿಲೆಯಿತ್ತು. ಗಣಿ 2001ರಲ್ಲಿ ಮುಚ್ಚಿತು. ಶ್ವಾಸಕೋಶ ಸೇರಿದ ಧೂಳು ಅಲ್ಲೇ ಉಳಿಯಿತು. ಕೆಲಸ ಬಿಟ್ಟು ಎಷ್ಟೋ ವರ್ಷಗಳ ನಂತರವೂ ಈ ಕಾಯಿಲೆ ಕಾಣಿಸಿಕೊಳ್ಳುತ್ತದೆ, ಉಲ್ಬಣಿಸುತ್ತದೆ. ಅದನ್ನು ಕ್ಷಯವೆಂದು ತಪ್ಪಾಗಿ ತಿಳಿದು ಔಷಧ ಕೊಟ್ಟರೆ ದಾಖಲೆಯಲ್ಲೂ ಕ್ಷಯವೇ ಉಳಿಯುತ್ತದೆ. ಮಾಲೂರು ತಾಲ್ಲೂಕಿನ ಟೇಕಲ್ ಕಡೆ ಕಲ್ಲು ಒಡೆಯುವವರು ಇಂದಿಗೂ ಅದೇ ಸಿಲಿಕಾ ಧೂಳಿನ ನಡುವೆ ದುಡಿಯುತ್ತಾರೆ.

ಕಲ್ನಾರಿನ (ಆಸ್ಬೆಸ್ಟಾಸ್) ಮಾತೂ ಇದೇ. ಕಲ್ನಾರಿನ ಶೀಟು ಕತ್ತರಿಸುವಾಗ, ಕೊರೆಯುವಾಗ, ಒಡೆಯುವಾಗ ಎಳೆಗಳು ಗಾಳಿಗೆ ಬರುತ್ತವೆ. ಅದರಿಂದ ಕ್ಯಾನ್ಸರ್ ತಲೆದೋರಲು 20ರಿಂದ 40 ವರ್ಷ ಹಿಡಿಯಬಹುದು. ಕಲ್ನಾರು ಕಾರ್ಮಿಕರ ಆರೋಗ್ಯ ದಾಖಲೆಯನ್ನು ಕೆಲಸಕ್ಕೆ ಸೇರಿದಂದಿನಿಂದ 40 ವರ್ಷ ಇಲ್ಲವೇ ಕೆಲಸ ಬಿಟ್ಟ ಮೇಲೆ 15 ವರ್ಷ, ಯಾವುದು ತಡವೋ ಅಲ್ಲಿಯವರೆಗೆ ಕಾಪಾಡಬೇಕೆಂದು ಸುಪ್ರೀಂ ಕೋರ್ಟ್ 1995ರಲ್ಲೇ ಆದೇಶಿಸಿತು. ಮುಳಬಾಗಿಲು, ಶ್ರೀನಿವಾಸಪುರಗಳಲ್ಲಿ ಶೀಟು ಹೊದಿಸುವ ದಿನಗೂಲಿಯವರ ದಾಖಲೆ ಇಡುವ ಮಾಲೀಕ ಯಾರು?

ರಾಜಸ್ಥಾನ 2019ರಲ್ಲಿ ಧೂಳಿನ ಕಾಯಿಲೆಗೆಂದೇ ನೀತಿ ತಂದಿತು. ನಮ್ಮಲ್ಲೂ ಹಳೆಯ ಗಣಿ ಕಾರ್ಮಿಕರು, ಕಲ್ಲುಕುಟಿಗರು, ಶೀಟು ಕೆಲಸದವರ ಪಟ್ಟಿಯಾಗಲಿ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅವರಿಗೆ ಎದೆಯ ಎಕ್ಸ್‌ರೇ ತೆಗೆಯಲಿ. ಕೆಮ್ಮೆಂದು ಬಂದ ಪ್ರತಿಯೊಬ್ಬರ ಚೀಟಿಯಲ್ಲೂ ಹಿಂದೆ ಮಾಡಿದ ಕೆಲಸ ಬರೆಯಲಿ. ಅಲ್ಲಿಯವರೆಗೆ ಕಾಯಿಲೆ ಇಲ್ಲವೆಂದು ಘೋಷಿಸುವ ಹಕ್ಕು ಯಾರಿಗೂ ಇಲ್ಲ.