‘ಇಳಿದ ಮೇಲೆ’ಯೋ, ‘ಇಳಿದ ಕೂಡಲೆ’ಯೋ?

ಯಡೂರಿನ ಕಿರಾಣಿ ಅಂಗಡಿಯವನಿಗೆ ಯಾರೂ ವ್ಯಾಕರಣ ಕಲಿಸಬೇಕಾಗಿಲ್ಲ. ಗಿರಾಕಿ ‘ಪಗಾರ ಆದ ಮ್ಯಾಲ ಕೊಡ್ತೀನಿ’ ಎಂದರೆ ಉದ್ರಿ ಬರೆದುಕೊಳ್ಳುತ್ತಾನೆ. ‘ಪಗಾರ ಆದ್ರ ಕೊಡ್ತೀನಿ’ ಎಂದರೆ ತಕ್ಕಡಿ ಕೆಳಗಿಡುತ್ತಾನೆ. ಮರಾಠಿ ಗಿರಾಕಿ ‘ಪಗಾರ ಝಾಲ್ಯಾವರ’ ಎಂದರೂ ಅವನಿಗೆ ಅರ್ಥವಾಗುತ್ತದೆ. ಉದ್ರಿಯ ವಹಿಯಲ್ಲಿ ಇಷ್ಟು ಎಚ್ಚರವಿರುವ ನಾವು ಕಾರ್ಮಿಕ ಸಂಘದ ಕರಾರಿಗೆ ಹೆಬ್ಬೆಟ್ಟು ಒತ್ತುವಾಗ ಏಕೆ ಕಣ್ಣು ಮುಚ್ಚುತ್ತೇವೆ?

ನಮ್ಮ ಭಾಗದ ದುಡಿಮೆಗೆ ಒಂದೇ ಭಾಷೆಯಿಲ್ಲ. ಚಿಕ್ಕೋಡಿಯ ಸುತ್ತಲಿನ ಕಬ್ಬಿನ ಹಂಗಾಮಿಗೆ ಮರಾಠವಾಡದಿಂದ ಕಡಿಯುವವರು ಬರುತ್ತಾರೆ. ಇಚಲಕರಂಜಿಯ ಮಗ್ಗಗಳ ಸದ್ದಿನಲ್ಲಿ ಕನ್ನಡ, ಮರಾಠಿ, ಹಿಂದಿ ಮೂರೂ ಕೇಳುತ್ತವೆ. ಎಲ್ಲರ ಹಸಿವಿನ ಭಾಷೆ ಒಂದೇ ಎಂದು ವೇದಿಕೆಯಿಂದ ಹೇಳುವುದು ಸುಲಭ. ಆದರೆ ಕರಾರು ಹಸಿವಿನ ಭಾಷೆಯಲ್ಲಿ ಬರೆದಿರುವುದಿಲ್ಲ.

ಒಂದು ಉದಾಹರಣೆ ನೋಡೋಣ. ಕೃಷ್ಣೆ ಏರಿದರೆ ಕಲ್ಲೋಳ–ಯಡೂರ ಸೇತುವೆ ಮುಳುಗುತ್ತದೆ. ಹೊಳೆಯಾಚೆಯ ಕೆಲಸಗಾರ ಆಚೆಯೇ ಉಳಿಯುತ್ತಾನೆ. ‘ಪ್ರವಾಹ ಇಳಿದ ಮೇಲೆ ಹಾಜರಾಗತಕ್ಕದ್ದು’ ಎಂದು ಕರಾರಿನಲ್ಲಿದ್ದರೆ ಮನೆಯ ಕೆಸರು ಬಳಿದು ಬರಲು ಅವನಿಗೆ ಎರಡು ದಿನದ ಎಡೆಯುಂಟು. ‘ಇಳಿದ ಕೂಡಲೆ’ ಎಂದಿದ್ದರೆ ಆ ಎರಡು ದಿನ ಗೈರುಹಾಜರಿ. ಮರಾಠಿಯಲ್ಲಿಯೂ ಇದೇ ಭೇದವಿದೆ: ‘ಓಸರಲ್ಯಾವರ’ ಬೇರೆ, ‘ಓಸರತಾಚ’ ಬೇರೆ. ಅವಸರದ ಅನುವಾದಕ ಒಂದರ ಬದಲು ಇನ್ನೊಂದನ್ನು ಇಟ್ಟರೆ ಒಂದೇ ಕಾರಖಾನೆಯಲ್ಲಿ ಎರಡು ಕರಾರುಗಳಾದವು. ಪಗಾರ ಕತ್ತರಿಸಿದಾಗ ಜಗಳ ಮಾಲಕರೊಡನೆ ನಡೆಯುವುದಿಲ್ಲ; ಕನ್ನಡದವನಿಗೂ ಮರಾಠಿಯವನಿಗೂ ನಡೆಯುತ್ತದೆ.

ಈ ಮಾತು ನಮ್ಮ ಗಡಿಗೆ ಮಾತ್ರ ಸೇರಿದ್ದಲ್ಲ. ದಕ್ಷಿಣ ಕೊರಿಯದಲ್ಲಿ 2004ರಲ್ಲಿ ಆರಂಭವಾದ ಪರವಾನಗಿ ಪದ್ಧತಿಯ ಮೇಲೆ ನೇಪಾಳ, ಬಾಂಗ್ಲಾದೇಶ, ಶ್ರೀಲಂಕಾಗಳಿಂದ ಕಾರಖಾನೆಗೆ ಹೋಗುವವರು ಮೊದಲು ಕೊರಿಯನ್ ಪರೀಕ್ಷೆ ಪಾಸಾಗಬೇಕು. ‘ಜೊನೆ’ ಎಂದರೆ ಮೊದಲು, ‘ಹೂಎ’ ಎಂದರೆ ಆಮೇಲೆ, ‘ತ್ತೆ’ ಎಂದರೆ ಆಗ, ‘ಜಾಮಾಜಾ’ ಎಂದರೆ ಕೂಡಲೆ. ನಮ್ಮ ಕನ್ನಡದಂತೆಯೇ ಅಲ್ಲಿಯೂ ಕಾಲದ ಮಾತು ಮುಂದೆ, ಮುಖ್ಯ ಕ್ರಿಯಾಪದ ಕಟ್ಟಕಡೆಗೆ. ಪರೀಕ್ಷೆ ಇಟ್ಟವರಿಗೆ ಬೇಕಾದದ್ದು ‘ಗಂಟೆ ಹೊಡೆದ ಕೂಡಲೆ ಯಂತ್ರ ನಿಲ್ಲಿಸು’ ಎಂಬುದು ತಿಳಿಯುವ ಆಳು. ಆದರೆ ಕಲಿತ ಮಾತು ಆಳಿನ ಬಾಯಲ್ಲಿಯೂ ಇರುತ್ತದಲ್ಲವೆ? ‘ಕೆಲಸ ಮುಗಿದ ಮೇಲೆ ಕೂಲಿ ಎಲ್ಲಿ?’ ಎಂದು ಕೇಳಲಿಕ್ಕೂ ಅದೇ ವ್ಯಾಕರಣ ಸಾಕು. ಅಲ್ಲಿ ಹಲವು ದೇಶಗಳ ವಲಸೆ ಕಾರ್ಮಿಕರು ಕೂಡಿ 2005ರಲ್ಲಿ ತಮ್ಮ ಸಂಘ ಕಟ್ಟಿದರು. ಸರಕಾರ ಅದನ್ನು ಒಪ್ಪಲಿಲ್ಲ. ಹತ್ತು ವರ್ಷ ಹೋರಾಡಿದ ಮೇಲೆ, 2015ರ ಜೂನ್ 25ರಂದು, ಕಾಗದಪತ್ರವಿಲ್ಲದ ವಲಸೆಗಾರನಿಗೂ ಸಂಘದ ಹಕ್ಕುಂಟೆಂದು ಆ ದೇಶದ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತಿತು.

ನಮ್ಮಲ್ಲಿ 1948ರ ಕಾರಖಾನೆ ಕಾಯಿದೆ ಸೂಚನೆಗಳನ್ನು ಇಂಗ್ಲಿಷಿನಲ್ಲಿಯೂ ಬಹುಸಂಖ್ಯ ಕೆಲಸಗಾರರಿಗೆ ತಿಳಿಯುವ ಭಾಷೆಯಲ್ಲಿಯೂ ಹಚ್ಚಬೇಕೆಂದು ವಿಧಿಸಿತ್ತು. ಒಳ್ಳೆಯದೇ. ಆದರೆ ನೂರರಲ್ಲಿ ಅರವತ್ತು ಮಂದಿಗೆ ತಿಳಿದರೆ ಉಳಿದ ನಲವತ್ತು ಮಂದಿ ಯಾರ ಬಾಯಿ ನೋಡಬೇಕು? ಕಾಯಿದೆಯ ಅಳತೆ ಬಹುಮತವಾಗಿರಲಿ. ಸಂಘದ ಅಳತೆ ಕಟ್ಟಕಡೆಯ ಸದಸ್ಯನೇ ಆಗಿರಬೇಕು. ಸಂಘದ ವಂತಿಗೆ ಎತ್ತುವಾಗ ನಾವು ಯಾರ ಭಾಷೆಯನ್ನೂ ಕೇಳುವುದಿಲ್ಲ.

1956ರಲ್ಲಿ ಪ್ರಾಂತಗಳ ಗಡಿ ಎಳೆದರು. ಫಲಕದ ಅಕ್ಷರಕ್ಕಾಗಿ ಬಸ್ಸಿಗೆ ಕಲ್ಲು ಬಿದ್ದ ದಿನ ಪಾಳಿ ತಪ್ಪುವುದು ಕೂಲಿಯವನಿಗೆ, ಬಾಗಿಲು ಹಾಕುವುದು ಸಣ್ಣ ಅಂಗಡಿಯವನಿಗೆ. ಆ ಗೆರೆ ಸಂಘದ ಕಚೇರಿಯ ನಡುವೆ ಹಾಯಕೂಡದು.

ಆದುದರಿಂದ ನಾವು ಕೇಳುವುದಿಷ್ಟು. ಮತ ಹಾಕುವ ಮೊದಲು ಕರಾರನ್ನು ಸದಸ್ಯರ ಎಲ್ಲ ಭಾಷೆಗಳಲ್ಲಿಯೂ ಓದಿ ಹೇಳಬೇಕು. ‘ಮೊದಲು’, ‘ಮೇಲೆ’, ‘ಕೂಡಲೆ’, ‘ತನಕ’ ಬಂದಲ್ಲಿ ಗೆರೆ ಎಳೆಯಬೇಕು. ಓದಿದವನು ‘ತಿಳಿಯಿತೆ?’ ಎಂದು ಕೇಳಿದರೆ ಸಾಲದು, ಎಲ್ಲರೂ ತಲೆಯಾಡಿಸುತ್ತಾರೆ. ಒಂದೊಂದು ಭಾಷೆಯ ಒಬ್ಬೊಬ್ಬನು ಎದ್ದು ತನ್ನ ಮಾತಿನಲ್ಲಿ ಅದನ್ನು ತಿರುಗಿ ಹೇಳಬೇಕು. ಮತ್ತು ಕನ್ನಡದವನು ಮರಾಠಿಯ, ಮರಾಠಿಯವನು ಕನ್ನಡದ ಈ ನಾಲ್ಕು ಮಾತುಗಳನ್ನು ಕಲಿಯಬೇಕು. ನಾಲ್ಕು ಮಾತು ಕಲಿಯಲು ಒಂದು ಸಂಜೆ ಸಾಕು. ಕಲಿಯದೆ ಒತ್ತಿದ ಹೆಬ್ಬೆಟ್ಟನ್ನು ಅಳಿಸಲು ಎಷ್ಟು ಹರತಾಳ ಬೇಕೋ!